ಎದುರಿಗೊಬ್ಬರು ಕೂರಬೇಕು

ಹೊನ್ನಾವರದಲ್ಲಿ ನನ್ನದೊಂದು ಮೋಟಾರ್ ವೈಂಡಿಂಗ್ ಅಂಗಡಿ. ತೋಟದ ಪಂಪ್‌ಸೆಟ್ಟು, ಮಿಕ್ಸಿ, ಫ್ಯಾನು, ಐಸ್ ಪ್ಲಾಂಟಿನ ಮೋಟಾರು, ಸುಟ್ಟುಹೋದದ್ದೆಲ್ಲ ಇಲ್ಲಿಗೆ ಬರುತ್ತದೆ. ಹಳೆಯ ತಂತಿ ಕಿತ್ತು, ಹೊಸದು ಸುತ್ತಿ, ವಾರ್ನಿಷ್ ಹೊಡೆದು ಒಣಗಿಸಿ ಕೊಡುವುದು ಇಪ್ಪತ್ತೆಂಟು ವರ್ಷದಿಂದ ನನ್ನ ಕೆಲಸ. ನಲವತ್ತೊಂಬತ್ತು ತುಂಬಿದ ವರ್ಷ ಗಿಟಾರು ಹಿಡಿದೆ. ಅದರಲ್ಲೂ ಬ್ಲೂಸ್ ಎನ್ನುವ ಸಂಗೀತದ ಲೀಡ್ ಗಿಟಾರು, ಎಂದರೆ ಹಾಡಿದವರಿಗೆ ಉತ್ತರ ಕೊಡುವ ಗಿಟಾರು. ಎರಡು ವರ್ಷ ಕಳೆಯಿತು, ಇನ್ನೂ ಕಲಿಯುವವನೇ. ಆದರೂ ಬರೆಯಲು ಕೂತದ್ದು ಒಂದು ಮಾತು ಹೇಳಲೇಬೇಕೆಂದು. ಭಟ್ಕಳ, ಹೊನ್ನಾವರ, ಕುಮಟಾದಂಥ ನಮ್ಮ ಊರುಗಳಲ್ಲಿ ಹೊಸದಾಗಿ ವಾದ್ಯ ಹಿಡಿದವರಿಗೆ ಪಾಠ ಬೇಕಾದಷ್ಟು ಸಿಗುತ್ತದೆ, ಮೊಬೈಲು ತೆರೆದರೆ ಸಾಕು. ಸಿಗದೇ ಇರುವುದು ಎದುರು ಕೂತು ಜೊತೆ ಕೊಡುವ ಜನ, ಮತ್ತು ಹಾಗೆ ಕೂರಲು ಒಂದು ಜಾಗ.

ನನಗೆ ಇದು ಅಂಟಿಕೊಂಡದ್ದು ಅಂಗಡಿಯಲ್ಲೇ. ಭಟ್ಕಳದ ಹುಡುಗನೊಬ್ಬ, ದುಬೈಯಲ್ಲಿ ನಾಲ್ಕು ವರ್ಷ ದುಡಿದು ಊರಿಗೆ ಬಂದವನು, ಗಿಟಾರಿನ ಆಂಪ್ಲಿಫೈಯರ್ ತಂದಿಟ್ಟ. ಮಳೆಗಾಲದ ತೇವಕ್ಕೆ ಟ್ರಾನ್ಸ್‌ಫಾರ್ಮರ್ ಸುಟ್ಟಿತ್ತು. ಸರಿಮಾಡಿ ಕೊಡುವ ದಿನ ಪರೀಕ್ಷೆಗೆಂದು ಗಿಟಾರನ್ನೂ ತಂದಿದ್ದ. "ಅಣ್ಣ, ಇದರ ಒಳಗೂ ನಿಮ್ಮದೇ ಕೆಲಸ ಉಂಟು, ನೋಡಿ" ಎಂದು ತಂತಿಗಳ ಅಡಿಯ ಪಿಕಪ್ಪನ್ನು ಬಿಚ್ಚಿ ತೋರಿಸಿದ. ಆರು ಪುಟ್ಟ ಅಯಸ್ಕಾಂತದ ಕಡ್ಡಿ, ಸುತ್ತಲೂ ತಾಮ್ರದ ತಂತಿ. ನಾನು ದಿನವಿಡೀ ಸುತ್ತುವಂಥದೇ, ಆದರೆ ತಲೆಗೂದಲಷ್ಟು ತೆಳು. ಒಂದೊಂದು ಪಿಕಪ್ಪಿಗೆ ಏಳೆಂಟು ಸಾವಿರ ಸುತ್ತು. ಮೇಲಿನ ಉಕ್ಕಿನ ತಂತಿ ಅದುರಿದಾಗ ಅಯಸ್ಕಾಂತದ ಕ್ಷೇತ್ರ ಅಲುಗಿ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. 1831ರಲ್ಲಿ ಫ್ಯಾರಡೆ ಕಂಡುಕೊಂಡ ಸಂಗತಿ. ನಮ್ಮ ಗೇರುಸೊಪ್ಪೆಯಲ್ಲಿ ಶರಾವತಿಯ ನೀರು ಜನರೇಟರನ್ನು ತಿರುಗಿಸಿ ಕರೆಂಟು ಹುಟ್ಟಿಸುವುದೂ ಇದೇ ಲೆಕ್ಕದ ಮೇಲೆ. ಸ್ವಿಚ್ಚು ಹಾಕಿದೊಡನೆ ಸ್ಪೀಕರಿನಿಂದ ಗುಂಯ್ ಎಂಬ ಸದ್ದು ಬಂತು. ಅದು 50 ಸೈಕಲ್ಲಿನ ಕರೆಂಟಿನ ಸದ್ದು, ನಾನು ನಿದ್ದೆಯಲ್ಲೂ ಗುರುತಿಸಬಲ್ಲೆ. ಆ ಸದ್ದು ಹೆಚ್ಚುಕಡಿಮೆ 'ಜಿ' ಸ್ವರದಲ್ಲಿರುತ್ತದೆ ಎಂದು ಹುಡುಗ ಹೇಳಿದಾಗ, ಇಷ್ಟು ವರ್ಷ ಒಂದು ಸ್ವರದ ಪಕ್ಕದಲ್ಲೇ ಕೂತು ಕೆಲಸ ಮಾಡಿದ್ದೇನೆ ಅನಿಸಿತು.

ಆಮೇಲೆ ಅವನು ಬಾರಿಸಿದ್ದು ನಾಲ್ಕೇ ಸ್ವರ. ಕೊನೆಯದನ್ನು ಬೆರಳಿನಿಂದ ಮೇಲಕ್ಕೆ ತಳ್ಳಿ, ಮುಂದಿನ ಸ್ವರ ಮುಟ್ಟುವ ಮೊದಲೇ ತಡೆದು ನಿಲ್ಲಿಸಿದ. ನನ್ನ ಮೈ ಜುಮ್ಮೆಂದಿತು. ಆ ಸಂಗೀತ ನಾನು ಹಿಂದೆ ಕೇಳಿದ್ದಲ್ಲ, ಆದರೆ ಆ ತಳ್ಳುವಿಕೆ ಕೇಳಿದ್ದೆ. ಯಕ್ಷಗಾನದ ಆಟದಲ್ಲಿ ರಾತ್ರಿ ಎರಡು ಗಂಟೆಯ ಹೊತ್ತಿಗೆ, ಕರುಣ ರಸದ ಪದ್ಯ ಬಂದಾಗ, ಭಾಗವತರು ಒಂದು ಸ್ವರವನ್ನು ಮೇಲಿನ ಸ್ವರದ ಹೊಸಿಲವರೆಗೆ ಒಯ್ದು ಅಲ್ಲೇ ತೂಗಾಡಿಸುತ್ತಾರಲ್ಲ, ಅದು. ನಮ್ಮ ತಾಲೂಕಿನಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮಹಾಗಣಪತಿ ಮಂಡಳಿ ಕಟ್ಟಿದ ನೆಲ ಇದು. ಕಡತೋಕಾ ಮಂಜುನಾಥ ಭಾಗವತರ, ನೆಬ್ಬೂರು ನಾರಾಯಣ ಭಾಗವತರ ಕಂಠ ಕೇಳಿ ಕಿವಿ ಪಳಗಿದ ಊರು.

ಗಿಟಾರು ಕೊಂಡೆ. ಮೊದಲ ಆರು ತಿಂಗಳು ಅಂಗಡಿ ಮುಚ್ಚಿದ ಮೇಲೆ ಒಬ್ಬನೇ, ಬಾಗಿಲು ಹಾಕಿಕೊಂಡು, ಮೊಬೈಲು ಎದುರಿಗಿಟ್ಟುಕೊಂಡು ಕಲಿತೆ. ಗಿಟಾರಿನ ಹಿಡಿಯ ಮೇಲಿನ ಲೋಹದ ಅಡ್ಡಪಟ್ಟಿಗೆ ಫ್ರೆಟ್ಟು ಎನ್ನುತ್ತಾರೆ. ಐದನೇ ಫ್ರೆಟ್ಟಿನಿಂದ ಎಂಟನೆಯದರವರೆಗೆ ಬೆರಳಿಡುವ ಹನ್ನೆರಡು ಜಾಗದ ಒಂದು ಚೌಕಟ್ಟು ಇದೆ, ಬ್ಲೂಸಿಗೆ ಬರುವ ಎಲ್ಲರೂ ಮೊದಲು ಕಲಿಯುವುದು ಅದನ್ನೇ. ಹಣ ಕಟ್ಟಿ ಒಂದು ಆನ್‌ಲೈನ್ ತರಗತಿಗೂ ಸೇರಿದೆ. ವಾರಕ್ಕೊಂದು ತುಣುಕು ಬಾಯಿಪಾಠ ಮಾಡಿ, ಮುಂದಿನ ವಾರ ಅದನ್ನೇ ಇನ್ನೂ ವೇಗವಾಗಿ ಬಾರಿಸಿ, ವಿಡಿಯೋ ಮಾಡಿ ಕಳಿಸಬೇಕು. ನಿಮಿಷಕ್ಕೆ ಎಂಬತ್ತು ಬೀಟಿನಿಂದ ನೂರ ಇಪ್ಪತ್ತಕ್ಕೆ ಏರಿದೆ. ಅತ್ತ ಕಡೆಯಿಂದ ಒಂದು ಹೆಬ್ಬೆಟ್ಟಿನ ಗುರುತು ಬರುತ್ತಿತ್ತು, ಅಷ್ಟೇ. ಎಡಗೈ ಬೆರಳ ತುದಿ ಗಟ್ಟಿಯಾಯಿತು. ಚೌಕಟ್ಟಿನಲ್ಲಿ ಬೆರಳು ತಡವರಿಸದೆ ಓಡತೊಡಗಿತು. ಬಂತು ಎಂದುಕೊಂಡೆ.

ಬಂದಿಲ್ಲ ಎಂದು ತಿಳಿದದ್ದು ಕುಮಟಾ ಕಡೆಯ ಒಂದು ತೋಟದಲ್ಲಿ. ಪಂಪಿನ ಮೋಟಾರು ಕೂರಿಸಲು ಹೋಗಿದ್ದೆ. ಮನೆಯ ಹಿರಿಯರು ತಾಳಮದ್ದಲೆಗೆ ಮದ್ದಲೆ ಬಾರಿಸುವವರು, ಎಪ್ಪತ್ತು ದಾಟಿದ ಭಟ್ಟರು. ನನ್ನ ಗಾಡಿಯಲ್ಲಿದ್ದ ಗಿಟಾರು ನೋಡಿ, ಬಾರಿಸು ನೋಡ್ವ ಎಂದು ತಾವೂ ಮದ್ದಲೆ ಎತ್ತಿಕೊಂಡು ಜಗುಲಿಯಲ್ಲಿ ಕೂತರು. ನಾನು ಕಲಿತದ್ದನ್ನೆಲ್ಲ ಬಾರಿಸಿದೆ. ಅವರು ಒಂದೆರಡು ಪೆಟ್ಟು ಹಾಕಿ, ಕೈ ಎತ್ತಿ ಸುಮ್ಮನೆ ನೋಡುತ್ತ ಕೂತುಬಿಟ್ಟರು. ಮುಗಿದ ಮೇಲೆ ಹೇಳಿದರು: "ತಮಾ, ಬೆರಳು ಚಲೋ ಓಡ್ತು. ಆದ್ರೆ ನೀನೇ ಪೂರಾ ಮಾತಾಡಿ ಮುಗಿಸಿದೆ. ನಂಗೆ ಎಲ್ಲಿ ಜಾಗ ಬಿಟ್ಟೆ?"

ಆ ಪ್ರಶ್ನೆ ಕೇಳಿ ಮನೆಗೆ ಬಂದವನು ಮೂರು ದಿನ ಗಿಟಾರು ಮುಟ್ಟಲಿಲ್ಲ. ಮುಟ್ಟುವ ಬದಲು ಕೇಳುತ್ತ ಕೂತೆ.

ಬ್ಲೂಸಿನ ಕಟ್ಟು ಬಹಳ ಸರಳ. ಹನ್ನೆರಡು ಆವರ್ತಕ್ಕೆ ಒಂದು ಸುತ್ತು, ಪ್ರತಿ ಆವರ್ತಕ್ಕೆ ನಾಲ್ಕು ಎಣಿಕೆ, ಒಟ್ಟು 48. ಹಾಡಿಗೆ ಮೂರು ಸಾಲು. ಮೊದಲ ಸಾಲು ಹೇಳುವುದು, ಅದನ್ನೇ ಇನ್ನೊಮ್ಮೆ ಹೇಳುವುದು, ಮೂರನೆಯದರಲ್ಲಿ ಮಾತು ಮುಗಿಸುವುದು. ಒಂದೊಂದು ಸಾಲಿಗೆ ನಾಲ್ಕು ಆವರ್ತ ಸಿಗುತ್ತದೆ, ಆದರೆ ಹಾಡುವವರು ಎರಡು ಆವರ್ತದ ಆಸುಪಾಸಿನಲ್ಲೇ ಮಾತು ನಿಲ್ಲಿಸುತ್ತಾರೆ. ಉಳಿದ ಜಾಗ ಗಿಟಾರಿನದು. ಕೇಳಿದ್ದಕ್ಕೆ ಅಲ್ಲಿ ಉತ್ತರ ಕೊಡಬೇಕು, ಕೊಟ್ಟು ಸುಮ್ಮನಾಗಬೇಕು. ನಾನು ಕಲಿತ ತುಣುಕುಗಳಲ್ಲಿ ಇದೊಂದನ್ನು ಯಾರೂ ಹೇಳಿರಲಿಲ್ಲ. ಹೇಳಿದ್ದರೂ ಒಬ್ಬನೇ ಕೂತವನಿಗೆ ಅರ್ಥವಾಗುತ್ತಿರಲಿಲ್ಲವೇನೋ. ಆಟದಲ್ಲಿ ಪದ್ಯದ ಎತ್ತುಗಡೆ ಭಾಗವತರದು, ಚಂಡೆ ಮದ್ದಲೆ ಅದಕ್ಕೆ ಕಾದು, ಬಿಟ್ಟ ಜಾಗದಲ್ಲಿ ಮಾತಾಡಿ, ಬಿಡ್ತಿಗೆ ಎಂಬ ಪೆಟ್ಟಿನ ಸಾಲು ಹಾಕಿ ಮತ್ತೆ ಬಿಟ್ಟುಕೊಡುತ್ತವೆ. ಚಿಕ್ಕಂದಿನಿಂದ ಕಣ್ಣೆದುರೇ ನಡೆದದ್ದು, ಗಿಟಾರು ಹಿಡಿದಾಗ ಮರೆತಿದ್ದೆ.

ಬಿ.ಬಿ. ಕಿಂಗ್ ಎಂಬ ಮಹಾನುಭಾವರನ್ನು ಈಗ ದಿನವೂ ಕೇಳುತ್ತೇನೆ. 1925ರಲ್ಲಿ ಮಿಸಿಸಿಪಿಯಲ್ಲಿ ಹುಟ್ಟಿದವರು. ಹತ್ತಿ ಹೊಲದಲ್ಲಿ ದುಡಿದು, ಟ್ರ್ಯಾಕ್ಟರ್ ಓಡಿಸಿ, ಆಮೇಲೆ ಲೋಕವೇ ಬ್ಲೂಸಿನ ದೊರೆ ಎಂದು ಕರೆಯುವಷ್ಟು ಎತ್ತರಕ್ಕೆ ಹೋದವರು, ತೀರಿಕೊಂಡದ್ದು 2015ರಲ್ಲಿ. ಅವರು ಹಾಡುವಾಗ ಗಿಟಾರು ಸುಮ್ಮನಿರುತ್ತಿತ್ತು, ಗಿಟಾರು ಮಾತಾಡುವಾಗ ಅವರು ಬಾಯಿ ತೆರೆಯುತ್ತಿರಲಿಲ್ಲ. ಕಾರ್ಡ್, ಎಂದರೆ ಹಲವು ಸ್ವರ ಒಟ್ಟಿಗೆ, ಬಾರಿಸುವುದು ತನಗೆ ಸರಿಯಾಗಿ ಬಾರದು ಎಂದು ಅವರೇ ಹೇಳಿಕೊಂಡಿದ್ದಾರೆ. ಅವರ ಬಂಧು ಬುಕ್ಕಾ ವೈಟ್ ತಂತಿಯ ಮೇಲೆ ಲೋಹದ ಕೊಳವೆ ಜಾರಿಸಿ ಅಳುವಂಥ ಸದ್ದು ತೆಗೆಯುತ್ತಿದ್ದರು. ಕಿಂಗ್‌ಗೆ ಆ ವಿದ್ಯೆ ಕೈಗೆ ಹತ್ತಲಿಲ್ಲ. ಆ ಸದ್ದನ್ನು ಬರಿಯ ಬೆರಳಿನಿಂದ ತರಲು ಹೋಗಿ ಮಣಿಕಟ್ಟನ್ನೇ ಅಲುಗಿಸಿ ಸ್ವರವನ್ನು ನಡುಗಿಸುವ ಕ್ರಮ ಕಂಡುಕೊಂಡರು. ಇವತ್ತು ಲೋಕದ ಯಾವ ಮೂಲೆಯಲ್ಲಿ ಕೇಳಿದರೂ ಒಂದೇ ಸ್ವರಕ್ಕೆ ಇದು ಬಿ.ಬಿ. ಕಿಂಗ್ ಎಂದು ಗುರುತಾಗುವುದು ಆ ನಡುಕದಿಂದ. ಅದು ಹುಟ್ಟಿದ್ದು ಎದುರಿಗಿದ್ದ ಒಬ್ಬ ಬಂಧುವನ್ನು ಕೇಳಿ ಕೇಳಿ.

ಹತ್ತಿಯ ಮಾತು ಬಂತು, ಕುಮಟಾದವರಿಗಾಗಿ ಇದನ್ನು ಹೇಳಿಯೇ ಮುಂದೆ ಹೋಗುತ್ತೇನೆ. ಬ್ಲೂಸು ಹುಟ್ಟಿದ್ದು ಅಮೆರಿಕದ ದಕ್ಷಿಣದ ಹತ್ತಿ ಹೊಲಗಳಲ್ಲಿ, ಆಫ್ರಿಕದಿಂದ ಗುಲಾಮರಾಗಿ ಎಳೆತಂದವರ ಮಕ್ಕಳು ಮೊಮ್ಮಕ್ಕಳ ಬಾಯಲ್ಲಿ. ಆ ಗುಲಾಮಗಿರಿಯ ಪ್ರಶ್ನೆಯ ಮೇಲೆ 1861ರಿಂದ 1865ರವರೆಗೆ ಅಲ್ಲಿ ಅಂತರ್ಯುದ್ಧ ನಡೆಯಿತು. ಇಂಗ್ಲೆಂಡಿನ ಗಿರಣಿಗಳಿಗೆ ಅಮೆರಿಕದ ಹತ್ತಿ ನಿಂತುಹೋಯಿತು. ಅವರ ಕಣ್ಣು ಧಾರವಾಡದ ಕಪ್ಪು ಮಣ್ಣಿನ ಹತ್ತಿಯ ಮೇಲೆ ಬಿತ್ತು. ಅದು ಘಟ್ಟ ಇಳಿದು ಹಡಗು ಹತ್ತುತ್ತಿದ್ದುದು ಕುಮಟಾದ ಬಂದರಿನಲ್ಲಿ. ಬೆಳೆದದ್ದು ಧಾರವಾಡದಲ್ಲಾದರೂ ಪೇಟೆಯಲ್ಲಿ ಅದಕ್ಕೆ ಕುಮಟಾ ಹತ್ತಿ ಎಂದೇ ಹೆಸರು. 1862ರಲ್ಲಿ ನಮ್ಮ ಜಿಲ್ಲೆಯನ್ನು ಮದರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದ್ದರ ಹಿಂದೆಯೂ ಹತ್ತಿ ಸಾಗಣೆಯ ಲೆಕ್ಕಾಚಾರ ಇತ್ತು. ಇನ್ನೊಂದು ಹಡಗಿನ ಕಥೆಯೂ ನಮ್ಮ ಜಿಲ್ಲೆಯಲ್ಲೇ ಇದೆ. ಪೋರ್ಚುಗೀಸರು ಆಫ್ರಿಕದಿಂದ ಗೋವೆಗೆ ತಂದ ಗುಲಾಮರ ವಂಶದವರು ಯಲ್ಲಾಪುರ, ಹಳಿಯಾಳದ ಕಾಡಿನಲ್ಲಿ ಬದುಕುವ ಸಿದ್ದಿಗಳು, ಇವತ್ತಿಗೂ ಡಮಾಮಿ ಬಾರಿಸಿ ಕುಣಿಯುವವರು. ಇದನ್ನೆಲ್ಲ ತಿಳಿದ ಮೇಲೆ ಬ್ಲೂಸನ್ನು ಪರದೇಶದ ಷೋಕಿ ಎಂದು ಯಾರಾದರೂ ಅಂದರೆ ನನಗೆ ನೋವಾಗುತ್ತದೆ. ನಮ್ಮ ಬಂದರಿನ ಏಳುಬೀಳಿಗೂ ಆ ಹಾಡಿಗೂ ಒಂದೇ ಬೆಳೆಯ ನಂಟು.

ಸ್ವರಗಳ ಮಟ್ಟಿಗೂ ನಾವು ಬರಿಗೈಯವರಲ್ಲ. ಆ ಚೌಕಟ್ಟಿನ ಐದು ಸ್ವರ ಯಾವುದು ಎಂದು ಭಟ್ಟರ ಮನೆಯ ಹಾರ್ಮೋನಿಯಂ ಮೇಲೆ ಒತ್ತಿ ನೋಡಿದೆವು. ಷಡ್ಜ, ಕೋಮಲ ಗಾಂಧಾರ, ಶುದ್ಧ ಮಧ್ಯಮ, ಪಂಚಮ, ಕೋಮಲ ನಿಷಾದ. ಹಿಂದೂಸ್ತಾನಿಯ ಧಾನಿ ರಾಗ, ಕರ್ನಾಟಕ ಸಂಗೀತದ ಶುದ್ಧ ಧನ್ಯಾಸಿ. ಬ್ಲೂಸಿನವರು ಗಾಂಧಾರವನ್ನು ಕೋಮಲಕ್ಕೂ ಶುದ್ಧಕ್ಕೂ ನಡುವೆ ಎಲ್ಲೋ ಇಡುತ್ತಾರೆ, ಕೆಲವೊಮ್ಮೆ ಎರಡನ್ನೂ ಬಳಸುತ್ತಾರೆ. ಜೋಗ್ ರಾಗ ಕೇಳಿದವರಿಗೆ ಎರಡು ಗಾಂಧಾರದ ಆ ಸಂಕಟ ಗೊತ್ತು. ರಾಗ ಬೇರೆ, ಬ್ಲೂಸು ಬೇರೆ. ನಡೆ, ತಾಳ, ಮನೋಧರ್ಮ ಎಲ್ಲವೂ ಬೇರೆ. ಆದರೆ ಹೊಸಬನಿಗೆ ಧೈರ್ಯ ಕೊಡಲು ಇಷ್ಟು ಪರಿಚಯ ಸಾಕು.

ಈಗ ಬೆಂಡಿನ, ಎಂದರೆ ತಂತಿ ತಳ್ಳಿ ಸ್ವರ ಏರಿಸುವ ವಿಷಯ. ಕಲಿಕೆಯಲ್ಲಿ ನನ್ನನ್ನು ಅತಿ ಹೆಚ್ಚು ಕಾಡಿದ್ದು ಇದು. ಮೂರನೇ ತಂತಿ, ಏಳನೇ ಫ್ರೆಟ್ಟು. ಅಲ್ಲಿ ಇರುವುದು 'ಡಿ' ಸ್ವರ. ಉಂಗುರ ಬೆರಳಿಟ್ಟು ತಂತಿಯನ್ನು ಮೇಲಕ್ಕೆ ತಳ್ಳಿ 'ಇ' ಸ್ವರಕ್ಕೆ ಏರಿಸಬೇಕು. ಪಕ್ಕದ ಎರಡನೇ ತಂತಿಯ ಐದನೇ ಫ್ರೆಟ್ಟಿನಲ್ಲಿ ಅದೇ 'ಇ' ಇದೆ, ಮೊದಲು ಅದನ್ನು ಮೀಟಿ ಕಿವಿಯಲ್ಲಿ ಇಟ್ಟುಕೊಳ್ಳಬೇಕು. ಒಂದೇ ಬೆರಳಿನಿಂದ ತಳ್ಳಿದರೆ ಆಗುವುದಿಲ್ಲ. ಹಿಂದಿನ ಎರಡು ಬೆರಳೂ ಅದೇ ತಂತಿಯ ಮೇಲೆ ಒತ್ತಾಸೆಗೆ ಬರಬೇಕು, ಹೆಬ್ಬೆರಳು ಹಿಡಿಯ ಮೇಲಿನ ಅಂಚಿಗೆ ಸಿಕ್ಕಿಕೊಳ್ಳಬೇಕು, ಬಲ ಬೆರಳಿನಿಂದ ಬರದೆ ಮಣಿಕಟ್ಟು ತಿರುಗುವುದರಿಂದ ಬರಬೇಕು. ಮುಚ್ಚಳ ತಿರುಗಿಸಿದ ಹಾಗೆ. ಕಡಿಮೆ ತಳ್ಳಿದರೆ ಸ್ವರ ಅಳುಕುತ್ತದೆ, ಹೆಚ್ಚಾದರೆ ಕಿರುಚುತ್ತದೆ. ಎಷ್ಟೋ ವಾರ ನಾನು ಬಾರಿಸಿದ್ದು ಇದೊಂದನ್ನೇ. ನಮ್ಮ ಕರಾವಳಿಯ ಗಾಳಿಯಲ್ಲಿ ಉಪ್ಪು, ಮಳೆಗಾಲದಲ್ಲಿ ತೇವ ಬೇರೆ. ತಂತಿ ಬೇಗ ತುಕ್ಕು ಹಿಡಿದು ಒರಟಾಗುತ್ತದೆ, ಒರಟು ತಂತಿಯನ್ನು ತಳ್ಳಿದರೆ ಬೆರಳು ಹರಿಯುತ್ತದೆ. ಬಾರಿಸಿದ ಮೇಲೆ ಪ್ರತಿ ತಂತಿಯನ್ನೂ ಒಣ ಹತ್ತಿ ಬಟ್ಟೆಯಲ್ಲಿ ಒರೆಸಿ ಇಡುವುದು ಘಟ್ಟದ ಮೇಲಿನವರಿಗಿಂತ ನಮಗೆ ಅಗತ್ಯ. ಮೊದಲು ಹಾಕಿದ್ದ 10ರ ಸೆಟ್ಟು ಬಿಟ್ಟು 9ರ ಸೆಟ್ಟಿಗೆ ಬಂದೆ. ಇಂಚಿನ ಸಾವಿರದ ಒಂದು ಭಾಗದ ವ್ಯತ್ಯಾಸ. ವೈಂಡಿಂಗಿನಲ್ಲಿ ಗೇಜು ನೋಡುವವನಿಗೆ ಅದು ಎಷ್ಟು ದೊಡ್ಡದೆಂದು ಗೊತ್ತು, ಬೆರಳಿಗೂ ಗೊತ್ತಾಯಿತು.

ಆದರೆ ಬೆಂಡು ನಿಜವಾಗಿ ಹದಕ್ಕೆ ಬಂದದ್ದು ಇನ್ನೊಬ್ಬರ ಎದುರು. ಹೊನ್ನಾವರದ ಇಗರ್ಜಿಯ ಗಾಯನ ಮೇಳದಲ್ಲಿ ಗಿಟಾರು ಬಾರಿಸುವ ಒಬ್ಬ ಯುವಕ ಭಾನುವಾರ ಸಂಜೆ ಅಂಗಡಿಗೆ ಬರತೊಡಗಿದ. ಅವನು ಹನ್ನೆರಡು ಆವರ್ತವನ್ನು ನಿಧಾನಕ್ಕೆ ತಿರುಗಿಸುತ್ತಾನೆ, ಮೇಲೆ ನಾನು ಬಾರಿಸಬೇಕು. ನನ್ನ ಸ್ವರ ಅರ್ಧ ಕೂದಲೆಳೆ ಕೆಳಗಿದ್ದರೂ ಅವನ ಮುಖದಲ್ಲಿ ಕಾಣುತ್ತದೆ. ಮೊಬೈಲಿನ ಬ್ಯಾಕಿಂಗ್ ಟ್ರ್ಯಾಕಿಗೆ ಮುಖ ಇಲ್ಲ. ನಾನು ತಪ್ಪಿದರೂ ಅದು ಹೋಗುತ್ತಲೇ ಇರುತ್ತದೆ, ನಾನು ಚೆಂದ ಬಾರಿಸಿದರೂ ಅಷ್ಟೇ. ಭಟ್ಕಳದ ಹುಡುಗ ಶರಾವತಿ ಸೇತುವೆ ದಾಟಿ ಬಸ್ಸಿನಲ್ಲಿ ಬರುತ್ತಾನೆ. ಭಟ್ಟರು ತಿಂಗಳಿಗೊಮ್ಮೆ ಮದ್ದಲೆ ಹೊತ್ತು ಬರುತ್ತಾರೆ. ಕರೆಂಟು ಹೋದರೂ ಕೂರುವುದು ನಿಲ್ಲುವುದಿಲ್ಲ, ಆಂಪ್ಲಿಫೈಯರ್ ಇಲ್ಲದೆ ಮೆಲ್ಲಗೆ ಬಾರಿಸಿಕೊಳ್ಳುತ್ತೇವೆ. ಎರಡು ತಿಂಗಳಲ್ಲಿ ನಾನು ಕಲಿತದ್ದು ಅದರ ಹಿಂದಿನ ವರ್ಷಕ್ಕಿಂತ ಹೆಚ್ಚು.

ಹಾಗೆ ಕೂರುವವರು ಸಿಗದೆ ಹೋದರೆ ಏನಾಗುತ್ತದೆ ಎನ್ನುವುದಕ್ಕೆ ನಮ್ಮ ಕೇರಿಯ ಹುಡುಗಿಯೇ ಉದಾಹರಣೆ. ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕ ಬಂದದ್ದಕ್ಕೆ ಅಪ್ಪ ಗಿಟಾರು ತೆಗೆಸಿಕೊಟ್ಟರು. ಒಂದು ವರ್ಷ ಮೊಬೈಲು ನೋಡಿ ಶ್ರದ್ಧೆಯಿಂದ ಕಲಿತಳು. ನೆಂಟರು ಬಂದಾಗ ಎಷ್ಟು ಹಾಡು ಬರುತ್ತದೆ ಎಂಬ ಪ್ರಶ್ನೆ, ಕಾಲೇಜಿನಲ್ಲಿ ಸ್ಪರ್ಧೆಗೆ ಹೆಸರು ಕೊಡು ಎಂಬ ಒತ್ತಾಯ, ಟಿ.ವಿ.ಯಲ್ಲಿ ಹತ್ತು ವರ್ಷದ ಮಕ್ಕಳು ತೀರ್ಪುಗಾರರ ಎದುರು ಬಾರಿಸುವುದನ್ನು ನೋಡಿ ಆಗುವ ಅಂಜಿಕೆ. ಒಂದು ದಿನವೂ ಯಾರೂ ಅವಳ ಜೊತೆ ಕೂತು ಬಾರಿಸಲಿಲ್ಲ. ಕೊನೆಗೆ ಗಿಟಾರು ಅಟ್ಟ ಸೇರಿತು. ಮಾರಿಕೊಡಿ ಮಾವ ಎಂದು ಕಳೆದ ತಿಂಗಳು ನನ್ನ ಅಂಗಡಿಗೆ ತಂದಿಟ್ಟಳು. ಅವಳಿಗೆ ಆಸಕ್ತಿ ಇಲ್ಲ ಎಂದು ಮನೆಯವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಇಂಥ ಗಿಟಾರು, ಕೀಬೋರ್ಡು, ಕೊಳಲು ಈ ಮೂರು ಊರುಗಳ ಎಷ್ಟೋ ಮನೆಯ ಅಟ್ಟದಲ್ಲಿವೆ.

ನಮ್ಮ ಹಿರಿಯರು ಹೀಗೆ ಕಲಿಯಲಿಲ್ಲ. ಅಂಕೋಲಾ ಬಡಿಗೇರಿಯ ಸುಕ್ರಿ ಬೊಮ್ಮಗೌಡರು ಅಕ್ಷರ ಕಲಿತವರಲ್ಲ, ಸಾವಿರಾರು ಹಾಡು ಅವರ ನೆನಪಿನಲ್ಲೇ ಇದ್ದವು. 2017ರಲ್ಲಿ ಪದ್ಮಶ್ರೀ ಬಂತು. ಅವರ ಹಾಲಕ್ಕಿ ಕೇರಿಗಳಲ್ಲಿ ಒಬ್ಬರು ಸೊಲ್ಲು ಎತ್ತಿದರೆ ಉಳಿದವರು ತಿರುಗಿ ಹೇಳುವುದು, ಸುಗ್ಗಿಯಲ್ಲಿ ಗುಮಟೆಗೆ ಕಿವಿಗೊಟ್ಟು ಹೆಜ್ಜೆ ಹಾಕುವುದು ಇವತ್ತಿಗೂ ಇದೆ. ಅಲ್ಲಿ ಹೊಸಬ ಮೊದಲ ದಿನವೇ ಗುಂಪಿನೊಳಗೆ ಕೂರುತ್ತಾನೆ. ತಪ್ಪು ಸದ್ದು ಗುಂಪಿನಲ್ಲಿ ಮುಚ್ಚಿಹೋಗುತ್ತದೆ, ಸರಿಯಾದದ್ದು ಮೆಲ್ಲಗೆ ಕಿವಿಗೆ ಬೀಳುತ್ತದೆ. ದೊಡ್ಡವರ ಮಟ್ಟದಲ್ಲೂ ಇದೇ. ಜೈಪುರದ ವಿಶ್ವಮೋಹನ ಭಟ್ಟರು ಮೋಹನವೀಣೆ ಹಿಡಿದು ಅಮೆರಿಕದ ಗಿಟಾರು ವಾದಕ ರೈ ಕೂಡರ್ ಎದುರು ಕೂತು, ತಾಲೀಮಿಲ್ಲದೆ, ಒಬ್ಬರನ್ನೊಬ್ಬರು ಕೇಳುತ್ತ ಬಾರಿಸಿದ್ದು 'ಎ ಮೀಟಿಂಗ್ ಬೈ ದ ರಿವರ್' ಎಂಬ ಆಲ್ಬಂ ಆಯಿತು. 1994ರಲ್ಲಿ ಗ್ರ್ಯಾಮಿ ಪಡೆಯಿತು. ಅದನ್ನು ಕೇಳಿ ನೋಡಿ. ಇಬ್ಬರೂ ಎಷ್ಟು ಹೊತ್ತು ಸುಮ್ಮನಿರುತ್ತಾರೆ ಎಂಬುದನ್ನು ಗಮನಿಸಿ.

ಹಾಗಾಗಿ ನಾನು ಕೇಳುವುದು ಚಿಕ್ಕ ಸಂಗತಿ. ಪ್ರತಿ ಊರಿನಲ್ಲಿ ವಾರಕ್ಕೊಂದು ಸಂಜೆ, ಎರಡು ತಾಸು, ಒಂದು ಕೋಣೆ ತೆರೆದಿರಲಿ. ಪಂಚಾಯತಿಯ ಗ್ರಂಥಾಲಯಗಳಿಗೆ ಅರಿವು ಕೇಂದ್ರ ಎಂದು ಹೆಸರಿಟ್ಟಿದ್ದೇವೆ, ಭಾನುವಾರ ಸಂಜೆ ಅಲ್ಲೊಂದು ಮೂಲೆ ಸಾಕು. ಶಾಲೆಯ ಒಂದು ತರಗತಿ ಕೋಣೆಯೂ ಆದೀತು. ವೇದಿಕೆ ಬೇಡ, ಮೈಕು ಬೇಡ, ಪ್ರಮಾಣಪತ್ರ ಬೇಡ, ಬಹುಮಾನ ಖಂಡಿತ ಬೇಡ. ಯಾವ ವಾದ್ಯವಾದರೂ ತರಲಿ, ಯಾವ ವಯಸ್ಸಿನವರಾದರೂ ಬರಲಿ, ಬಂದವರು ಒಬ್ಬರಿಗೊಬ್ಬರು ಜೊತೆ ಕೊಡಲಿ. ನಾನು ಪೇಟೆಯ ಒಂದು ಸಭಾಭವನದವರನ್ನು ಕೇಳಿ ನೋಡಿದೆ, ಮದುವೆಗೆ ತೆಗೆದುಕೊಳ್ಳುವಷ್ಟೇ ಬಾಡಿಗೆ ಹೇಳಿದರು. ಅಷ್ಟು ಕೊಡುವ ಶಕ್ತಿ ಕಲಿಯುವವರಿಗೆ ಇರುವುದಿಲ್ಲ. ಸಾರ್ವಜನಿಕರ ದುಡ್ಡಿನಲ್ಲಿ ಕಟ್ಟಿದ ಕೋಣೆಗಳು ಸಂಜೆ ಬೀಗ ಹಾಕಿಕೊಂಡು ನಿಂತಿರುವುದನ್ನು ನೋಡಿದಾಗ ಹೊಟ್ಟೆ ಉರಿಯುತ್ತದೆ.

ಯಕ್ಷಗಾನದ ನಾಡಿನಲ್ಲಿ ಗಿಟಾರು ಯಾಕೆ ಎಂದು ಕೇಳುವ ಹಿರಿಯರಿದ್ದಾರೆ. ಅವರ ಮೇಲೆ ನನಗೆ ಗೌರವ ಇದೆ. ನಮ್ಮ ಹಿಮ್ಮೇಳದಲ್ಲಿ ಶ್ರುತಿ ಹಿಡಿದ ಹಾರ್ಮೋನಿಯಂ 1842ರಲ್ಲಿ ಪ್ಯಾರಿಸ್ಸಿನಲ್ಲಿ ಪೇಟೆಂಟ್ ಆದ ವಾದ್ಯ. ಅದು ಬಂದದ್ದರಿಂದ ಭಾಗವತಿಕೆ ಕೆಡಲಿಲ್ಲ. ಗಿಟಾರು ಹಿಡಿದ ಮೇಲೆ ನಾನು ಆಟಕ್ಕೆ ಮೊದಲಿಗಿಂತ ಹೆಚ್ಚು ಹೋಗುತ್ತಿದ್ದೇನೆ. ಮುಮ್ಮೇಳದ ಕುಣಿತಕ್ಕಿಂತ ಹೆಚ್ಚಾಗಿ, ಭಾಗವತರು ಪದ್ಯ ನಿಲ್ಲಿಸಿದ ಜಾಗದಲ್ಲಿ ಮದ್ದಲೆಯವರ ಕೈ ಏನು ಮಾಡುತ್ತದೆ ಎಂಬುದನ್ನೇ ನೋಡುತ್ತ ಕೂರುತ್ತೇನೆ.

ಹುಡುಗಿಯ ಗಿಟಾರನ್ನು ನಾನು ಮಾರಲಿಲ್ಲ. ಎರಡು ಭಾನುವಾರ ಬಂದು ಸುಮ್ಮನೆ ಕೂತು ಕೇಳು, ಆಮೇಲೂ ಮಾರಬೇಕು ಅನಿಸಿದರೆ ಮಾರೋಣ ಎಂದಿದ್ದೇನೆ. ಆಯಿತು ಮಾವ, ಬರುತ್ತೇನೆ ಎಂದಿದ್ದಾಳೆ. ಅಟ್ಟದಲ್ಲಿದ್ದು ತಂತಿಗಳೆಲ್ಲ ಕೆಂಪಾಗಿದ್ದವು, ಮೊನ್ನೆ ಹೊಸ ಸೆಟ್ಟು ಹಾಕಿದೆ. ಹೊಸ ತಂತಿ ನಾಲ್ಕೈದು ದಿನ ಇಳಿಯುತ್ತಲೇ ಇರುತ್ತದೆ. ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆದೊಡನೆ, ಮೋಟಾರುಗಳಿಗೆ ಕರೆಂಟು ಕೊಡುವ ಮೊದಲು, ಒಮ್ಮೆ ಅದನ್ನು ಶ್ರುತಿಗೆ ತಂದು ಇಡುತ್ತಿದ್ದೇನೆ.